ಜಾವಾ ಭಾಷೆಯ ಮೂಲ ದತ್ತಾಂಶ ಪ್ರಕಾರಗಳು: ಒಂದು ವಿಮರ್ಶೆ

೧

ಒಂದು ಕೃತಿಯನ್ನು ವಿಮರ್ಶಿಸುವಾಗ ಅದರ ಕರ್ತೃ ಏನನ್ನು ಸಾಧಿಸಲು ಹೊರಟನು, ಎಷ್ಟನ್ನು ಸಾಧಿಸಿದನು, ಸಾಧಿಸದೆ ಬಿಟ್ಟುದಕ್ಕೆ ಕಾರಣವೇನು ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ವಾಡಿಕೆ. ಪ್ರೋಗ್ರಾಮಿಂಗ್ ಭಾಷೆಯೂ ಮನುಷ್ಯರು ಯೋಚಿಸಿ, ವಾದಿಸಿ, ಕೆಲವನ್ನು ಆರಿಸಿ ಕೆಲವನ್ನು ಬಿಟ್ಟು ರಚಿಸಿದ ಕೃತಿಯೇ ಆಗಿದೆ. ಆದರೆ ನಮ್ಮ ತರಗತಿಗಳಲ್ಲಿ ಅದನ್ನು ಕೃತಿಯೆಂದು ಓದುವುದು ವಿರಳ; ಪಂಚಾಂಗದಂತೆ ಓದುತ್ತೇವೆ. ಅಲ್ಲಿರುವುದನ್ನು ಒಪ್ಪಿಕೊಳ್ಳುತ್ತೇವೆಯೇ ಹೊರತು ಏಕೆ ಹಾಗಿದೆಯೆಂದು ಕೇಳುವುದಿಲ್ಲ.

ಇದಕ್ಕೆ ಒಂದು ಒಳ್ಳೆಯ ನಿದರ್ಶನ ಜಾವಾ ಭಾಷೆಯ ಮೂಲ ದತ್ತಾಂಶ ಪ್ರಕಾರಗಳ ಪಾಠ. ಮೊದಲನೆಯ ದಿನ ಅಧ್ಯಾಪಕರು 'ಇದು ಆಬ್ಜೆಕ್ಟ್‌ಗಳ ಭಾಷೆ. ಇಲ್ಲಿ ಎಲ್ಲವೂ ಆಬ್ಜೆಕ್ಟ್' ಎಂದು ಹೇಳುತ್ತಾರೆ. ಎರಡನೆಯ ವಾರದಲ್ಲಿ ಆಬ್ಜೆಕ್ಟ್‌ಗಳಲ್ಲದ ಎಂಟು ಪ್ರಕಾರಗಳ ಕೋಷ್ಟಕವನ್ನು ಹಲಗೆಯ ಮೇಲೆ ಬರೆಯುತ್ತಾರೆ. ವಿದ್ಯಾರ್ಥಿಗಳು ಎರಡನ್ನೂ ಬರೆದುಕೊಳ್ಳುತ್ತಾರೆ. ಒಂದು ಮಾತು ಇನ್ನೊಂದನ್ನು ಅಲ್ಲಗಳೆಯುತ್ತಿದೆಯೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಬಂದರೂ ಪರೀಕ್ಷೆಯಲ್ಲಿ ಅದಕ್ಕೆ ಅಂಕಗಳಿಲ್ಲ. ಈ ವಿರೋಧ ಎಲ್ಲಿಂದ ಬಂತು, ಅದು ದೋಷವೋ ಗುಣವೋ, ದೋಷವಾದರೆ ಎಲ್ಲಿಯವರೆಗೆ ಕ್ಷಮ್ಯ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಮುಂದೆ ಆಬ್ಜೆಕ್ಟ್ ಎಂಬುದನ್ನು 'ವಸ್ತು' ಎಂದೂ, ಮೂಲ ದತ್ತಾಂಶ ಪ್ರಕಾರಗಳನ್ನು ಸಂಕ್ಷೇಪವಾಗಿ 'ಮೂಲಪ್ರಕಾರಗಳು' ಎಂದೂ ಕರೆದಿದೆ.

೨

ವಸ್ತುಪ್ರಧಾನವಾದ ಭಾಷೆಗಳ ವಂಶವೃಕ್ಷದಲ್ಲಿ ಮೊದಲು ಬರುವುದು ನಾರ್ವೆಯ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಎಂಬವರು ರಚಿಸಿದ ಸಿಮುಲಾ ೬೭. ಅದು ಆಲ್ಗಾಲ್ ೬೦ ಎಂಬ ಭಾಷೆಯ ಮೇಲೆ ಕಟ್ಟಿದ್ದು. ಕ್ಲಾಸು ಮತ್ತು ವಸ್ತುಗಳನ್ನು ಹೊಸದಾಗಿ ತಂದರೂ ಪೂರ್ಣಾಂಕ, ವಾಸ್ತವ ಸಂಖ್ಯೆ, ಸತ್ಯಾಸತ್ಯ ಬೆಲೆ ಇವನ್ನು ಆಲ್ಗಾಲಿನಿಂದ ಬಂದಂತೆಯೇ ಉಳಿಸಿಕೊಂಡಿತು. ಎಂದರೆ ವಸ್ತು ಮತ್ತು ಮೂಲಪ್ರಕಾರ ಎಂಬ ಎರಡು ಪಂಕ್ತಿಗಳು ಈ ವಂಶದ ಆದಿಯಲ್ಲಿಯೇ ಇದ್ದುವು.

ಈ ಪಂಕ್ತಿಭೇದವನ್ನು ಮುರಿದವರು ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನ ಕೇಂದ್ರದವರು. ಆಲನ್ ಕೇ, ಡ್ಯಾನ್ ಇಂಗಾಲ್ಸ್ ಮೊದಲಾದವರು ೧೯೭೨ರಿಂದ ಬೆಳೆಸಿದ ಸ್ಮಾಲ್‌ಟಾಕ್ ಭಾಷೆಯಲ್ಲಿ ಮೂರು ಎಂಬ ಸಂಖ್ಯೆಯೂ ಒಂದು ವಸ್ತು. ಮೂರಕ್ಕೆ ನಾಲ್ಕನ್ನು ಕೂಡಿಸುವುದೆಂದರೆ, ಮೂರು ಎಂಬ ವಸ್ತುವಿಗೆ 'ನಾಲ್ಕನ್ನು ಕೂಡಿಕೊ' ಎಂಬ ಸಂದೇಶವನ್ನು ಕಳುಹಿಸುವುದು. ಸಣ್ಣ ಪೂರ್ಣಾಂಕ ತನ್ನ ಮಿತಿಯನ್ನು ಮೀರಿದರೆ ಭಾಷೆಯೇ ಅದನ್ನು ದೊಡ್ಡ ಪೂರ್ಣಾಂಕವನ್ನಾಗಿ ಮಾರ್ಪಡಿಸುತ್ತದೆ. ಸಿದ್ಧಾಂತದ ದೃಷ್ಟಿಯಿಂದ ಇದು ನಿಷ್ಕಳಂಕವಾದುದು. ಆದರೆ ಪ್ರತಿಯೊಂದು ಕೂಡುವಿಕೆಯೂ ಸಂದೇಶವಾದುದರಿಂದ ಆ ಕಾಲದ ಯಂತ್ರಗಳ ಮೇಲೆ ಅದರ ಭಾರ ಹೆಚ್ಚಾಗಿತ್ತು.

ಜಾವಾ ಭಾಷೆಯನ್ನು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು ೧೯೯೫ರಲ್ಲಿ ಲೋಕದ ಮುಂದಿಟ್ಟಿತು. ಜೇಮ್ಸ್ ಗೋಸ್ಲಿಂಗ್ ೧೯೯೧ರಲ್ಲಿ ಅದನ್ನು ರೂಪಿಸತೊಡಗಿದಾಗ ಅವರ ಕಣ್ಣ ಮುಂದೆ ಇದ್ದವರು ಸಿ ಮತ್ತು ಸಿ ಪ್ಲಸ್ ಪ್ಲಸ್ ಬಲ್ಲ ಪ್ರೋಗ್ರಾಮರುಗಳು. ಇದ್ದ ಯಂತ್ರಗಳು ಗೃಹೋಪಯೋಗಿ ಸಾಧನಗಳ ಒಳಗಿನ ಸಣ್ಣ ಯಂತ್ರಗಳು. ಸ್ಮಾಲ್‌ಟಾಕಿನ ಶುದ್ಧಿಯನ್ನು ಅವರು ಅರಿಯದೆ ಬಿಟ್ಟವರಲ್ಲ, ಅರಿತೇ ಬಿಟ್ಟವರು. ವಸ್ತುವಿಗೆ ಬೇಕಾದ ಶಿರೋಭಾಗದ ವೆಚ್ಚವನ್ನು ಪ್ರತಿಯೊಂದು ಅಂಕಿಗೂ ತೆರುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಇಂದಿಗೂ ಈ ವೆಚ್ಚ ಸಣ್ಣದಲ್ಲ. ಇಂಟ್ ಎಂಬ ಮೂಲಪ್ರಕಾರಕ್ಕೆ ೪ ಬೈಟು ಸಾಕು. ಅದೇ ಅಂಕಿಯನ್ನು ವಸ್ತುವಾಗಿಸಿದರೆ ಸಾಮಾನ್ಯವಾದ ೬೪ ಬಿಟ್ ಯಂತ್ರದಲ್ಲಿ ಆ ವಸ್ತುವಿಗೆ ೧೬ ಬೈಟು, ಅದನ್ನು ತೋರಿಸುವ ಸೂಚಿಗೆ ಮತ್ತೆ ೪ ಬೈಟು ಬೇಕಾಗುತ್ತದೆ. ಹತ್ತು ಲಕ್ಷ ಅಂಕಿಗಳ ಪಟ್ಟಿಗೆ ೪೦ ಲಕ್ಷ ಬೈಟು ಸಾಲುವ ಕಡೆ ೨ ಕೋಟಿ ಬೈಟು! ಆದುದರಿಂದ ಮೂಲಪ್ರಕಾರಗಳನ್ನು ಉಳಿಸಿಕೊಂಡುದು ಅವಿಚಾರದ ಫಲವೆಂದು ಹೇಳಲಾಗದು. ಅದೊಂದು ಒಪ್ಪಂದ. ಒಪ್ಪಂದವನ್ನು ವಿಮರ್ಶಿಸುವವನು ಅದನ್ನು ಏಕೆ ಮಾಡಿಕೊಂಡರೆಂಬುದಕ್ಕಿಂತ, ಅದರ ನಿಬಂಧನೆಗಳು ಸ್ಪಷ್ಟವಾಗಿವೆಯೆ ಎಂಬುದನ್ನು ನೋಡಬೇಕು.

೩

ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಎಂಟು ಪ್ರಕಾರಗಳಲ್ಲಿ ನಾಲ್ಕು ಪೂರ್ಣಾಂಕಗಳಿಗೆ: ಬೈಟ್ ೮ ಬಿಟ್, ಶಾರ್ಟ್ ೧೬, ಇಂಟ್ ೩೨, ಲಾಂಗ್ ೬೪. ಎರಡು ದಶಮಾಂಶವುಳ್ಳ ಸಂಖ್ಯೆಗಳಿಗೆ: ಫ್ಲೋಟ್ ೩೨, ಡಬಲ್ ೬೪. ಒಂದು ಲಿಪಿಸಂಕೇತಕ್ಕೆ: ಚಾರ್ ೧೬. ಕೊನೆಯದು ಬೂಲಿಯನ್, ಇದಕ್ಕಿರುವ ಬೆಲೆಗಳು ಸತ್ಯ, ಅಸತ್ಯ ಎರಡೇ.

ಇಲ್ಲಿ ಮೆಚ್ಚಬೇಕಾದುದು ಅಳತೆಗಳ ಸ್ಥಿರತೆ. ಸಿ ಭಾಷೆಯ ಇಂಟ್ ಒಂದು ಯಂತ್ರದಲ್ಲಿ ೧೬ ಬಿಟ್, ಇನ್ನೊಂದರಲ್ಲಿ ೩೨ ಬಿಟ್ ಇರಬಹುದು. ಊರಿಗೊಂದು ಸೇರು, ಊರಿಗೊಂದು ಕೊಳಗ ಇದ್ದ ಕಾಲದ ವ್ಯಾಪಾರದಂತೆ, ಒಂದೇ ಪ್ರೋಗ್ರಾಮು ಎರಡು ಕಡೆ ಎರಡು ಉತ್ತರ ಕೊಡಬಹುದು. ಜಾವಾ ಈ ಗೊಂದಲವನ್ನು ಒಂದೇ ಏಟಿಗೆ ಕೊನೆಗಾಣಿಸಿತು. ಅದರ ಇಂಟ್ ಎಲ್ಲ ಯಂತ್ರಗಳಲ್ಲಿಯೂ ೩೨ ಬಿಟ್. ಎರಡನೆಯ ಗುಣ ಬೂಲಿಯನ್ನಿನ ಪ್ರತ್ಯೇಕತೆ. ಸಿ ಭಾಷೆಯಲ್ಲಿ ಸೊನ್ನೆ ಅಸತ್ಯ, ಉಳಿದ ಸಂಖ್ಯೆಗಳೆಲ್ಲ ಸತ್ಯ. ಹೋಲಿಕೆಯ ಚಿಹ್ನೆಯನ್ನು ಬರೆಯಬೇಕಾದ ಕಡೆ ಕೈತಪ್ಪಿ ಬೆಲೆಯಿಡುವ ಚಿಹ್ನೆಯನ್ನು ಬರೆದರೆ ಆ ತಪ್ಪು ಕಂಪೈಲರಿನ ಕಣ್ತಪ್ಪಿಸಿ ಹೋಗಬಲ್ಲುದು. ಜಾವಾದಲ್ಲಿ ಸಂಖ್ಯೆ ಸಂಖ್ಯೆಯೇ, ಸತ್ಯ ಸತ್ಯವೇ. ಒಂದನ್ನು ಇನ್ನೊಂದರ ಪೀಠದಲ್ಲಿ ಕೂರಿಸಲಾಗದು. ದತ್ತಾಂಶಕ್ಕೆ ಪ್ರಕಾರವೆಂಬುದು ಏತಕ್ಕೆ ಬೇಕೆಂದು ವಿದ್ಯಾರ್ಥಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು. ಪ್ರಕಾರವೆಂದರೆ ಬರಿಯ ಅಳತೆಯಲ್ಲ. ಯಾವ ಪ್ರಶ್ನೆಯನ್ನು ಕೇಳುವುದು ಸಾರ್ಥಕ, ಯಾವುದನ್ನು ಕೇಳುವುದು ನಿರರ್ಥಕ ಎಂಬುದರ ನಿರ್ಣಯ.

೪

ಈಗ ದೋಷಗಳಿಗೆ ಬರೋಣ. ಮೊದಲನೆಯದು ಪೂರ್ಣಾಂಕಗಳ ಮೌನ.

ಇಂಟ್ ಹಿಡಿಯಬಲ್ಲ ಅತ್ಯಂತ ದೊಡ್ಡ ಸಂಖ್ಯೆ ೨,೧೪,೭೪,೮೩,೬೪೭. ಇದಕ್ಕೆ ಒಂದನ್ನು ಕೂಡಿಸಿದರೆ ಬರುವುದು ಋಣ ೨,೧೪,೭೪,೮೩,೬೪೮. ತುಂಬಿದ ಕೊಡಕ್ಕೆ ಇನ್ನೊಂದು ಹನಿ ಬಿದ್ದರೆ ಚೆಲ್ಲುತ್ತದೆ, ಚೆಲ್ಲಿದುದು ಕಣ್ಣಿಗೆ ಕಾಣುತ್ತದೆ. ಇಲ್ಲಿಯೋ ಕೊಡವೇ ಬೋರಲಾಗುತ್ತದೆ, ಸದ್ದಾಗುವುದಿಲ್ಲ. ಭಾಷೆ ಎಚ್ಚರಿಕೆಯನ್ನು ಕೊಡದು, ಪ್ರೋಗ್ರಾಮು ನಿಲ್ಲದು. ಇದೇ ನಿಯಮದಿಂದ ಅತ್ಯಂತ ಸಣ್ಣ ಇಂಟ್ ಸಂಖ್ಯೆಯ ನಿರಪೇಕ್ಷ ಬೆಲೆಯನ್ನು ಕೇಳಿದರೆ ಭಾಷೆಯ ಗಣಿತ ಭಂಡಾರ ಋಣಸಂಖ್ಯೆಯನ್ನೇ ಉತ್ತರವಾಗಿ ಕೊಡುತ್ತದೆ. ನಿರಪೇಕ್ಷ ಬೆಲೆ ಋಣವಾಗಿರುವುದು ಗಣಿತದಲ್ಲಿ ಅಸಂಭವ. ಯಂತ್ರದಲ್ಲಿ ಅದು ನಿಯಮ.

ಇದು ಪಂಡಿತರ ಕುತೂಹಲಕ್ಕಷ್ಟೇ ವಿಷಯವೆಂದು ಭಾವಿಸುವವರು ಜೋಷುವಾ ಬ್ಲಾಕ್ ಅವರು ೨೦೦೬ರಲ್ಲಿ ಬರೆದ ಒಂದು ಟಿಪ್ಪಣಿಯನ್ನು ನೆನೆಯಬೇಕು. ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧರ್ಧವಾಗಿ ಸೀಳುತ್ತ ಹುಡುಕುವ ವಿಧಾನ ಪ್ರತಿಯೊಬ್ಬ ವಿದ್ಯಾರ್ಥಿಗೂ ಗೊತ್ತು. ಕೆಳಮೇರೆ, ಮೇಲ್ಮೇರೆಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಮಧ್ಯಸ್ಥಾನ. ಜಾವಾ ಭಂಡಾರಕ್ಕಾಗಿ ಬ್ಲಾಕ್ ಅವರೇ ಇದನ್ನು ಬರೆದಿದ್ದರು. ಸುಮಾರು ಒಂಬತ್ತು ವರ್ಷ ಅದು ಜಗತ್ತಿನಾದ್ಯಂತ ಬಳಕೆಯಲ್ಲಿತ್ತು. ಪಟ್ಟಿ ಬಹು ದೊಡ್ಡದಾದಾಗ ಆ ಎರಡು ಮೇರೆಗಳ ಮೊತ್ತ ಇಂಟಿನ ಮಿತಿಯನ್ನು ಮೀರಿ ಋಣವಾಗುತ್ತಿತ್ತು. ಜಾನ್ ಬೆಂಟ್ಲಿ ಅವರು ೧೯೮೬ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಸರಿಯೆಂದು ಸಾಧಿಸಿ ತೋರಿಸಿದ ವಿಧಾನದಲ್ಲಿಯೂ ಇದೇ ದೋಷವಿತ್ತು. ಸಾಧನೆ ತಪ್ಪಾಗಿರಲಿಲ್ಲ; ಅದು ಗಣಿತದ ಪೂರ್ಣಾಂಕಗಳನ್ನು ಕುರಿತದ್ದಾಗಿತ್ತು. ಪ್ರೋಗ್ರಾಮು ನಡೆದುದು ಯಂತ್ರದ ಪೂರ್ಣಾಂಕಗಳ ಮೇಲೆ. ಎರಡಕ್ಕೂ ಹೆಸರೊಂದೇ ಆದುದರಿಂದ ಬಲ್ಲವರೂ ಮೋಸಹೋದರು. ಪರಿಹಾರವೇನೋ ಸುಲಭ: ಮೇರೆಗಳ ಅಂತರದ ಅರ್ಧವನ್ನು ಕೆಳಮೇರೆಗೆ ಕೂಡಿಸಿದರಾಯಿತು. ಕಷ್ಟವಿದ್ದುದು ಪರಿಹಾರದಲ್ಲಲ್ಲ, ದೋಷವುಂಟೆಂದು ತಿಳಿಯುವುದರಲ್ಲಿ.

ಮೌನವೇ ದೋಷವಾದರೆ ಮಾತನಾಡುವ ಭಾಷೆ ಸಾಕೆ? ಇಲ್ಲಿ ೧೯೯೬ರ ಜೂನ್ ೪ರ ಘಟನೆಯನ್ನು ಅವಶ್ಯವಾಗಿ ಹೇಳಬೇಕು. ಅಂದು ಯೂರೋಪಿನ ಏರಿಯಾನ್ ೫ ರಾಕೆಟ್ಟು ತನ್ನ ಮೊದಲ ಹಾರಾಟದಲ್ಲಿ ಸುಮಾರು ೪೦ ಸೆಕೆಂಡುಗಳೊಳಗೆ ನಾಶವಾಯಿತು. ಅದರ ಮಾರ್ಗದರ್ಶಕ ಯಂತ್ರದಲ್ಲಿ ೬೪ ಬಿಟ್ಟಿನ ದಶಮಾಂಶ ಸಂಖ್ಯೆಯೊಂದನ್ನು ೧೬ ಬಿಟ್ಟಿನ ಪೂರ್ಣಾಂಕವಾಗಿ ಮಾರ್ಪಡಿಸುವಾಗ ಸಂಖ್ಯೆ ಹಿಡಿಸಲಿಲ್ಲ. ಆ ಪ್ರೋಗ್ರಾಮು ಏಡಾ ಭಾಷೆಯದು. ಏಡಾ ಮೌನವಾಗಿರದೆ ದೋಷವನ್ನು ಘೋಷಿಸಿತು. ಆದರೆ ಘೋಷಣೆಯನ್ನು ಕೇಳಿ ತಕ್ಕ ಕ್ರಮ ಕೈಗೊಳ್ಳಲು ಯಾರನ್ನೂ ನೇಮಿಸಿರಲಿಲ್ಲವಾಗಿ ಮಾರ್ಗದರ್ಶಕ ಯಂತ್ರವೇ ಸ್ಥಗಿತವಾಯಿತು. ಇದೇ ಮಾರ್ಪಾಟನ್ನು ಜಾವಾದಲ್ಲಿ ಬಲವಂತವಾಗಿ ಮಾಡಿಸಿದರೆ ಘೋಷಣೆಯೇ ಇರುವುದಿಲ್ಲ. ೪೦,೦೦೦ ಎಂಬ ಡಬಲ್ ಬೆಲೆ ಶಾರ್ಟಿಗೆ ಇಳಿದಾಗ ಋಣ ೨೫,೫೩೬ ಆಗಿ ಮುಂದೆ ಸಾಗುತ್ತದೆ. ಎರಡು ಮಾರ್ಗಗಳೂ ಅಪಾಯಕಾರಿಯಾದುವೇ. ಆದರೆ ಒಂದರಲ್ಲಿ ದೋಷ ಹುಟ್ಟಿದ ಜಾಗದಲ್ಲಿ ಸಿಕ್ಕುತ್ತದೆ. ಇನ್ನೊಂದರಲ್ಲಿ ಬಹುದೂರ ಹೋದ ಮೇಲೆ, ಬೇರೊಂದರ ವೇಷದಲ್ಲಿ ಸಿಕ್ಕುತ್ತದೆ. ವಿಮರ್ಶಕನು ಮೊದಲನೆಯದನ್ನೇ ಮೆಚ್ಚಬೇಕು. ಜಾವಾ ಕೂಡ ೨೦೧೪ರ ಎಂಟನೆಯ ಆವೃತ್ತಿಯಲ್ಲಿ, ಮಿತಿ ಮೀರಿದರೆ ದೋಷವನ್ನು ಸಾರುವ ಕೂಡುವಿಕೆ, ಗುಣಿಸುವಿಕೆಗಳ ವಿಧಾನಗಳನ್ನು ತನ್ನ ಭಂಡಾರಕ್ಕೆ ಸೇರಿಸಿಕೊಂಡಿತು. ಆದರೆ ನಿತ್ಯದ ಕೂಡುವ ಚಿಹ್ನೆ ಹಿಂದಿನಂತೆಯೇ ಮೌನವ್ರತವನ್ನು ಪಾಲಿಸುತ್ತದೆ. ಬೇಡಿದವನಿಗೆ ಮಾತ್ರ ಎಚ್ಚರಿಕೆ. ಬೇಡಬೇಕೆಂದು ತಿಳಿಯದ ವಿದ್ಯಾರ್ಥಿಗೆ ಇಲ್ಲ.

ಇನ್ನೊಂದು ಸಣ್ಣ ಅಸಾಂಗತ್ಯ. ಬೈಟ್ ಪ್ರಕಾರದ ಚರಕ್ಕೆ ಒಂದನ್ನು ಕೂಡಿಸಿ ಮತ್ತೆ ಅದರಲ್ಲಿಯೇ ಇಡಲು ಹೊರಟರೆ ಕಂಪೈಲರು ತಡೆಯುತ್ತದೆ. ಮೊತ್ತ ಇಂಟ್ ಆಗಿರುವುದರಿಂದ ಬೈಟಿಗೆ ಹಿಡಿಸದಿರಬಹುದೆಂದು ಆಕ್ಷೇಪಿಸುತ್ತದೆ. ಅದನ್ನೇ 'ಕೂಡಿ ಇಡು' ಎಂಬ ಸಂಯುಕ್ತ ಚಿಹ್ನೆಯಿಂದ ಬರೆದರೆ ಆಕ್ಷೇಪವಿಲ್ಲ. ೧೨೭ ಸದ್ದಿಲ್ಲದೆ ಋಣ ೧೨೮ ಆಗುತ್ತದೆ. ಮುಂಬಾಗಿಲಲ್ಲಿ ಕಾವಲಿಟ್ಟು ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತಾಯಿತು.

೫

ದಶಮಾಂಶ ಸಂಖ್ಯೆಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಏಕೆಂದರೆ ಇಲ್ಲಿನ ಮುಖ್ಯ ದೋಷ ಜಾವಾ ಒಂದರದೇ ಅಲ್ಲ. ಫ್ಲೋಟ್, ಡಬಲ್‌ಗಳು ೧೯೮೫ರಲ್ಲಿ ನಿಶ್ಚಿತವಾದ, ಐ.ಇ.ಇ.ಇ. ೭೫೪ ಎಂಬ ಮಾನಕವನ್ನು ಅನುಸರಿಸುತ್ತವೆ. ಎರಡನ್ನು ಆಧಾರವಾಗುಳ್ಳ ಈ ಪದ್ಧತಿಯಲ್ಲಿ ಹತ್ತನೆಯ ಒಂದು ಭಾಗ ಪೂರ್ತಿಯಾಗಿ ಬರೆಯಲು ಬಾರದ ಆವರ್ತ ಭಿನ್ನರಾಶಿ. ಆದುದರಿಂದ ೦.೧ ಎಂಬುದನ್ನು ಹತ್ತು ಸಲ ಕೂಡಿಸಿದರೆ ಡಬಲ್ ಕೊಡುವ ಉತ್ತರ ಒಂದಲ್ಲ, ೦.೯೯೯೯೯೯೯೯೯೯೯೯೯೯೯೯. ಹತ್ತು ಪೈಸೆಯ ಹತ್ತು ನಾಣ್ಯಗಳು ಒಂದು ರೂಪಾಯಿಗೆ ಸಮನಲ್ಲವೆನ್ನುವ ಪ್ರಕಾರವನ್ನು ಲೆಕ್ಕಪತ್ರಕ್ಕೆ ಬಳಸಬಾರದೆಂಬುದು ಸ್ಪಷ್ಟ. ಹಣವನ್ನು ಪೈಸೆಗಳ ಪೂರ್ಣಾಂಕವಾಗಿ ಇಡುವುದು, ಇಲ್ಲವೆ ಅದಕ್ಕೆಂದೇ ಇರುವ ದಶಮಾನ ಕ್ಲಾಸನ್ನು ಬಳಸುವುದು ಯುಕ್ತ.

ಜಾವಾದ ಸ್ವಂತ ದೋಷವೆಂದರೆ, ಇಂಟ್‌ನಿಂದ ಫ್ಲೋಟ್‌ಗೆ ಹೋಗುವುದನ್ನು ಅದು 'ಹಿಗ್ಗುವಿಕೆ' ಎಂದು ಕರೆದು ಅನುಮತಿಯಿಲ್ಲದೆಯೇ ನಡೆಯಗೊಟ್ಟಿದೆ. ೧,೬೭,೭೭,೨೧೭ ಎಂಬ ಇಂಟ್ ಫ್ಲೋಟ್ ಆದಾಗ ೧,೬೭,೭೭,೨೧೬ ಆಗುತ್ತದೆ. ಹಿಗ್ಗುವಾಗ ಕುಗ್ಗುವ ಪ್ರಕಾರಕ್ಕೆ ಬೇರೆ ಹೆಸರು ಬೇಕಾಗಿತ್ತು. ಈ ಮಾನಕದ ಪ್ರಧಾನ ಶಿಲ್ಪಿಯಾದ ವಿಲಿಯಮ್ ಕಾಹನ್ ಅವರು ಜೋಸೆಫ್ ಡಾರ್ಸಿಯವರೊಡನೆ ೧೯೯೮ರಲ್ಲಿ ಜಾವಾದ ದಶಮಾಂಶ ಗಣಿತವನ್ನು ತೀವ್ರವಾಗಿ ಖಂಡಿಸಿದರೆಂಬುದನ್ನು ಇಲ್ಲಿ ಸ್ಮರಿಸಬಹುದು.

೬

ಕನ್ನಡ ಓದುಗರು ವಿಶೇಷವಾಗಿ ಗಮನಿಸಬೇಕಾದ ಪ್ರಕಾರ ಚಾರ್. ಇದನ್ನು ನಮ್ಮ ಪಠ್ಯಗಳು 'ಒಂದು ಅಕ್ಷರವನ್ನು ಹಿಡಿಯುವ ಪ್ರಕಾರ' ಎಂದು ವರ್ಣಿಸುತ್ತವೆ. ಈ ವರ್ಣನೆ ಇಂಗ್ಲಿಷಿಗೆ ಒಪ್ಪುತ್ತದೆ, ಕನ್ನಡಕ್ಕೆ ಒಪ್ಪುವುದಿಲ್ಲ.

ಯೂನಿಕೋಡ್ ವ್ಯವಸ್ಥೆಯ ಆರಂಭದಲ್ಲಿ ಜಗತ್ತಿನ ಲಿಪಿಗಳಿಗೆಲ್ಲ ೬೫,೫೩೬ ಸ್ಥಾನಗಳು ಸಾಕೆಂಬ ಭಾವನೆಯಿತ್ತು. ಆ ಭಾವನೆಯನ್ನು ನಂಬಿ ಜಾವಾ ಚಾರ್‌ಗೆ ೧೬ ಬಿಟ್ ಕೊಟ್ಟಿತು. ಜಾವಾದ ಮೊದಲ ಆವೃತ್ತಿ ಹೊರಬಂದುದು ೧೯೯೬ರ ಜನವರಿಯಲ್ಲಿ. ಅದೇ ವರ್ಷದ ಜುಲೈನಲ್ಲಿ ಯೂನಿಕೋಡಿನ ಎರಡನೆಯ ಆವೃತ್ತಿ ಸ್ಥಾನಗಳನ್ನು ಹತ್ತು ಲಕ್ಷಕ್ಕೂ ಮೀರಿ ವಿಸ್ತರಿಸಿತು. ಹೊಸ ಮನೆಯ ಗೃಹಪ್ರವೇಶವಾದ ಆರು ತಿಂಗಳೊಳಗೆ ಕುಟುಂಬ ಹದಿನೇಳು ಪಾಲು ದೊಡ್ಡದಾದಂತೆ! ಮೊದಲ ೬೫,೫೩೬ರ ಆಚೆಗಿರುವ ಲಿಪಿಚಿಹ್ನೆಗೆ ಒಂದು ಚಾರ್ ಸಾಲದು, ಎರಡು ಬೇಕು. ಮಸ್ಕಿಯ ಅಶೋಕ ಶಾಸನದ ಬ್ರಾಹ್ಮೀ ಲಿಪಿ ೨೦೧೦ರಲ್ಲಿಯೂ, ನಮ್ಮ ಕರಾವಳಿಯ ತಾಳೆಗರಿಗಳ ತುಳು-ತಿಗಳಾರಿ ಲಿಪಿ ೨೦೨೪ರಲ್ಲಿಯೂ ಯೂನಿಕೋಡಿಗೆ ಸೇರಿದುವು. ಎರಡೂ ಈ ಎಲ್ಲೆಯ ಆಚೆಗೇ ಇವೆ. ಆ ಶಾಸನದ ಒಂದು ಅಕ್ಷರವನ್ನು, ಆ ಗರಿಯ ಒಂದು ಅಕ್ಷರವನ್ನು 'ಒಂದು ಅಕ್ಷರದ ಪ್ರಕಾರ'ದಲ್ಲಿ ಇಡಲು ಬರುವುದಿಲ್ಲ.

ಕನ್ನಡ ಲಿಪಿಯ ಚಿಹ್ನೆಗಳೇನೋ ಒಂದೊಂದು ಚಾರ್‌ನಲ್ಲಿ ಹಿಡಿಯುತ್ತವೆ. ಆದರೆ ಚಿಹ್ನೆ ಬೇರೆ, ಅಕ್ಷರ ಬೇರೆ. 'ಸ್ತ್ರೀ' ಎಂಬುದು ನಮ್ಮ ಬಾಯಿಗೆ, ಕಿವಿಗೆ, ಛಂದಸ್ಸಿಗೆ ಒಂದೇ ಅಕ್ಷರ. ಜಾವಾ ಅದರ ಉದ್ದವನ್ನು ೬ ಎಂದು ಹೇಳುತ್ತದೆ: ಸಕಾರ, ವಿರಾಮ, ತಕಾರ, ಮತ್ತೆ ವಿರಾಮ, ರಕಾರ, ದೀರ್ಘ ಈಕಾರದ ಚಿಹ್ನೆ. 'ಕನ್ನಡ' ಎಂಬ ಮೂರಕ್ಷರದ ಪದದ ಉದ್ದ ೫. 'ಕವಿ' ಎಂಬುದನ್ನು ಚಾರ್‌ಗಳ ಕ್ರಮದಲ್ಲಿ ಹಿಂದುಮುಂದಾಗಿಸಿದರೆ 'ವಿಕ' ಎಂದಾಗುವುದಿಲ್ಲ. ಇಕಾರದ ಗುಡಿಸು ತನ್ನ ವ್ಯಂಜನವನ್ನು ಕಳೆದುಕೊಂಡು ಅನಾಥವಾಗುತ್ತದೆ. ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರಗಳ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು; ಯೂನಿಕೋಡ್ ಎರಡನ್ನೂ ಸಮಾನವೆಂದು ಸಾರಿದೆ. ಜಾವಾದ ಸಾಮಾನ್ಯ ಹೋಲಿಕೆ ಎರಡೂ ಬೇರೆ ಪದಗಳೆನ್ನುತ್ತದೆ. ಕಣ್ಣಿಗೆ ಒಂದೇ ಆಗಿರುವ ಹೆಸರು ಎರಡು ದಾಖಲೆಗಳಲ್ಲಿ ಎರಡು ಹೆಸರಾದರೆ, ಹುಡುಕಿದವನಿಗೆ ಒಂದು ದೊರೆತು ಇನ್ನೊಂದು ದೊರೆಯದು. ೨೦೦೬ರ ಆರನೆಯ ಆವೃತ್ತಿಯಿಂದ ಇವನ್ನು ಏಕರೂಪಕ್ಕೆ ತರುವ ಸಾಧನ ಭಂಡಾರದಲ್ಲಿಯೇ ಇದೆ. ಅದನ್ನು ಬಳಸಬೇಕೆಂಬ ಅರಿವು ಮಾತ್ರ ಬಳಸುವವನಲ್ಲಿರಬೇಕು.

ಇದನ್ನು ಜಾವಾದ ಅಪರಾಧವೆಂದು ಪೂರ್ತಿ ಹೇಳಲಾಗದು. ವರ್ಣಕ್ಕೂ ಅಕ್ಷರಕ್ಕೂ ಇರುವ ಭೇದವನ್ನು ನಮ್ಮ ವ್ಯಾಕರಣಕಾರರು ಶತಮಾನಗಳ ಹಿಂದೆಯೇ ಬಲ್ಲರು. ಅದನ್ನು ಮರೆತು 'ಚಾರ್ ಎಂದರೆ ಅಕ್ಷರ' ಎಂದು ಅನುವಾದಿಸಿದವರು ನಾವು. ತಪ್ಪು ಪ್ರಕಾರದ್ದಷ್ಟೇ ಅಲ್ಲ, ನಮ್ಮ ಅನುವಾದದ್ದು ಕೂಡ. ಇದೇ ಭಾಷೆ ೧೨೩ ಎಂದು ಕನ್ನಡ ಅಂಕಿಗಳಲ್ಲಿ ಬಂದ ಪಠ್ಯವನ್ನು ಇಂಟ್ ಆಗಿ ಓದಿಕೊಳ್ಳಬಲ್ಲುದು, ಚರವೊಂದಕ್ಕೆ 'ಬೆಲೆ' ಎಂದು ಕನ್ನಡದಲ್ಲಿಯೇ ಹೆಸರಿಡಗೊಡುತ್ತದೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು.

೭

ಕೊನೆಯ ಆಕ್ಷೇಪ ಎಲ್ಲಕ್ಕಿಂತ ಗುರುತರವಾದುದು. ಎರಡು ಪಂಕ್ತಿಗಳನ್ನು ಮಾಡಿದ ಮೇಲೆ ನಡುವೆ ಓಡಾಟ ಅನಿವಾರ್ಯವಾಗುತ್ತದೆ. ಜಾವಾದ ಪಟ್ಟಿ, ಕೋಶ ಮೊದಲಾದ ಸಂಗ್ರಹಗಳು ವಸ್ತುಗಳನ್ನು ಮಾತ್ರ ಹಿಡಿಯುತ್ತವೆ. ಆದುದರಿಂದ ಪ್ರತಿಯೊಂದು ಮೂಲಪ್ರಕಾರಕ್ಕೂ ಒಂದು ಹೊದಿಕೆಯ ಕ್ಲಾಸು ಇದೆ, ಇಂಟ್‌ಗೆ ಇಂಟೀಜರ್. ಮೊದಲು ಈ ಹೊದಿಸುವ ಕೆಲಸವನ್ನು ಪ್ರೋಗ್ರಾಮರನೇ ಮಾಡಬೇಕಾಗಿತ್ತು. ಬೇಸರದ ಕೆಲಸ, ನಿಜ. ಆದರೆ ಗಡಿ ದಾಟುತ್ತಿದ್ದೇನೆಂಬುದು ಅವನಿಗೆ ತಿಳಿದಿರುತ್ತಿತ್ತು. ೨೦೦೪ರ ಐದನೆಯ ಆವೃತ್ತಿಯಿಂದ ಕಂಪೈಲರು ತಾನೇ ಹೊದಿಸಿ ತಾನೇ ಬಿಚ್ಚತೊಡಗಿತು. ಗಡಿ ಹೋಗಲಿಲ್ಲ, ಗಡಿಯ ಕಲ್ಲುಗಳನ್ನು ಮಾತ್ರ ಕಿತ್ತರು.

ಪರಿಣಾಮವನ್ನು ನೋಡಿ. ೧೨೭ ಎಂಬ ಬೆಲೆಯನ್ನು ಎರಡು ಇಂಟೀಜರ್ ಚರಗಳಲ್ಲಿ ಇಟ್ಟು ಸಮಚಿಹ್ನೆಯಿಂದ ಹೋಲಿಸಿದರೆ 'ಸತ್ಯ' ಎಂಬ ಉತ್ತರ ಬರುತ್ತದೆ. ೧೨೮ನ್ನು ಇಟ್ಟು ಹೋಲಿಸಿದರೆ ಸಾಮಾನ್ಯವಾಗಿ 'ಅಸತ್ಯ'. ಕಾರಣವಿಷ್ಟೆ: ವಸ್ತುಗಳ ನಡುವೆ ಆ ಚಿಹ್ನೆ ಕೇಳುವುದು ಬೆಲೆ ಒಂದೇ ಆಗಿದೆಯೆ ಎಂದಲ್ಲ, ವಸ್ತು ಒಂದೇ ಆಗಿದೆಯೆ ಎಂದು. ಋಣ ೧೨೮ರಿಂದ ೧೨೭ರವರೆಗಿನ ಬೆಲೆಗಳಿಗೆ ಭಾಷೆ ಸಿದ್ಧವಸ್ತುಗಳನ್ನು ಇಟ್ಟುಕೊಂಡು ಅವನ್ನೇ ಮತ್ತೆ ಮತ್ತೆ ಕೊಡುತ್ತದೆ. ಅದರಾಚೆಗೆ ಹೊಸ ವಸ್ತುವನ್ನು ಮಾಡಬಹುದು. ವಿದ್ಯಾರ್ಥಿ ತನ್ನ ಪ್ರೋಗ್ರಾಮನ್ನು ಸಣ್ಣ ಸಂಖ್ಯೆಗಳಿಂದ ಪರೀಕ್ಷಿಸುತ್ತಾನೆ, ಸರಿಯೆಂದು ನಂಬುತ್ತಾನೆ. ಬಳಕೆಗೆ ಬಂದ ಮೇಲೆ ದೊಡ್ಡ ಸಂಖ್ಯೆಗಳಲ್ಲಿ ಅದು ಕೈಕೊಡುತ್ತದೆ. ಹಾಗೆಯೇ, ಏನನ್ನೂ ತೋರದ ಶೂನ್ಯಸೂಚಿಯನ್ನು ಇಂಟೀಜರ್ ಚರ ಹೊಂದಿರಬಹುದು. ಅದನ್ನು ಇಂಟ್ ಆಗಿ ಬಿಚ್ಚಲು ಹೋದಾಗ, ಕಣ್ಣಿಗೆ ಬರಿಯ ಕೂಡುವಿಕೆಯಂತೆ ಕಾಣುವ ಸಾಲಿನಲ್ಲಿ ಪ್ರೋಗ್ರಾಮು ಮುರಿದುಬೀಳುತ್ತದೆ.

ಭೇದವನ್ನು ಇಟ್ಟುಕೊಂಡುದು ದೋಷವಲ್ಲ. ಇಟ್ಟುಕೊಂಡು ಇಲ್ಲವೆಂದು ನಟಿಸುವುದು ದೋಷ.

೮

ಬೇರೆ ಭಾಷೆಗಳು ಇದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿವೆ. ಪೈಥಾನ್ ಎಲ್ಲವನ್ನೂ ವಸ್ತುವೆಂದಿತು. ೨೦೦೮ರ ಮೂರನೆಯ ಆವೃತ್ತಿಯಿಂದ ಅದರ ಪೂರ್ಣಾಂಕ ಪ್ರಕಾರ ಒಂದೇ, ಅದಕ್ಕೆ ಮೆಮೊರಿಯ ಹೊರತು ಮಿತಿಯಿಲ್ಲ. ಅದಕ್ಕೆ ತೆತ್ತ ಬೆಲೆ ವೇಗ. ೨೦೧೬ರಲ್ಲಿ ಮೊದಲ ಆವೃತ್ತಿಯನ್ನು ಕಂಡ ಕಾಟ್ಲಿನ್ ಭಾಷೆ ಬರೆಯುವವನಿಗೆ ಒಂದೇ ಪಂಕ್ತಿಯನ್ನು ತೋರಿಸಿ, ಸಾಧ್ಯವಾದೆಡೆಯಲ್ಲೆಲ್ಲ ಒಳಗೆ ಮೂಲಪ್ರಕಾರವನ್ನೇ ಬಳಸುತ್ತದೆ. ಜಾವಾ ಬಳಗದವರೇ ೨೦೧೪ರಲ್ಲಿ ವಲ್ಹಲ್ಲಾ ಎಂಬ ಯೋಜನೆಯನ್ನು ಆರಂಭಿಸಿ, ಕ್ಲಾಸಿನಂತೆ ಬರೆದು ಮೂಲಪ್ರಕಾರದಂತೆ ಹಗುರವಾಗಿ ನಡೆಯುವ ಬೆಲೆರೂಪದ ವಸ್ತುಗಳನ್ನು ತರಲು ಹೊರಟರು. ಕರ್ತೃಗಳೇ ತಮ್ಮ ಕೃತಿಯನ್ನು ತಿದ್ದಲು ಹೊರಟಿರುವಾಗ ವಿಮರ್ಶಕನು ಸಂಕೋಚಪಡಬೇಕಾಗಿಲ್ಲ.

ಒಟ್ಟಿನಲ್ಲಿ ನಮ್ಮ ನಿರ್ಣಯವಿದು: ಅಳತೆಗಳ ಸ್ಥಿರತೆಯಲ್ಲಿ, ಸತ್ಯಾಸತ್ಯಗಳ ಪ್ರತ್ಯೇಕತೆಯಲ್ಲಿ ಜಾವಾ ತನ್ನ ಪೂರ್ವಜರನ್ನು ಮೀರಿಸಿತು. ಮಿತಿ ಮೀರಿದಾಗಿನ ಮೌನದಲ್ಲಿ ಪೂರ್ವಜರ ದೋಷವನ್ನೇ ಉಳಿಸಿಕೊಂಡಿತು. ಚಾರ್ ವಿಷಯದಲ್ಲಿ ಕಾಲ ಅದನ್ನು ವಂಚಿಸಿತು. ಹೊದಿಕೆಯ ವಿಷಯದಲ್ಲಿ ಅದು ತನ್ನನ್ನು ತಾನೇ ವಂಚಿಸಿಕೊಂಡಿತು.

ಇದರಿಂದ ನಮ್ಮ ಬೋಧನೆಗೆ ಆಗಬೇಕಾದ ಪ್ರಯೋಜನ ಸ್ಪಷ್ಟ. ಎಂಟು ಪ್ರಕಾರಗಳ ಕೋಷ್ಟಕವನ್ನು ಬಾಯಿಪಾಠ ಮಾಡಿಸುವುದಕ್ಕೆ ಮೊದಲು ಮೂರು ಪ್ರಯೋಗಗಳನ್ನು ವಿದ್ಯಾರ್ಥಿಯ ಕೈಯಿಂದಲೇ ಮಾಡಿಸಬೇಕು: ಅತ್ಯಂತ ದೊಡ್ಡ ಇಂಟ್‌ಗೆ ಒಂದನ್ನು ಕೂಡಿಸುವುದು, ೦.೧ನ್ನು ಹತ್ತು ಸಲ ಕೂಡಿಸುವುದು, ತನ್ನ ಹೆಸರನ್ನು ಕನ್ನಡದಲ್ಲಿ ಬರೆದು ಅದರ ಉದ್ದವನ್ನು ಕೇಳುವುದು. ಮೂರರಲ್ಲಿಯೂ ಅವನು ನಿರೀಕ್ಷಿಸಿದ ಉತ್ತರ ಬರುವ ಸಂಭವ ಕಡಮೆ. ಆ ಅಚ್ಚರಿಯಿಂದ ಪಾಠವನ್ನು ತೊಡಗಿದರೆ, ಯಂತ್ರದ ಸಂಖ್ಯೆ ಗಣಿತದ ಸಂಖ್ಯೆಯಲ್ಲ, ಯಂತ್ರದ ಲಿಪಿಸಂಕೇತ ನಾಲಗೆಯ ಅಕ್ಷರವಲ್ಲ ಎಂಬುದು ಅವನ ಅನುಭವಕ್ಕೆ ಬರುತ್ತದೆ. ಕೋಷ್ಟಕವನ್ನು ಅವನು ಮರೆತರೂ ಚಿಂತೆಯಿಲ್ಲ, ಅದು ಪುಸ್ತಕದಲ್ಲಿದೆ. ಈ ಎಚ್ಚರವೊಂದು ಪುಸ್ತಕದಲ್ಲಿ ಸಿಕ್ಕುವುದಲ್ಲ.